ಒಂಬತ್ತು ಮನೆಯ ಧರ್ಮಸಂಕಟ

ಗುಹೆಯೊಳಗಿನ ಕಾಳಗ ಮುಗಿದಿದೆ. ಕತ್ತಿ ಹಿಡಿದು ಎದುರಾದ, ಓರ್ಕ್ ಎಂಬ ವಿಕಾರ ಕುಲದ ಗಂಡಸರೆಲ್ಲ ಸತ್ತು ಬಿದ್ದಿದ್ದಾರೆ. ಒಳಕೋಣೆಯಲ್ಲಿ ಹೆಂಗಸರು ಮಕ್ಕಳು ಮೂಲೆಗೆ ಸರಿದು ಕೂತಿದ್ದಾರೆ. ನಿಮ್ಮ ತಂಡದಲ್ಲೊಬ್ಬ ಪ್ಯಾಲಡಿನ್ ಇದ್ದಾನೆ, ದೇವರ ಮೇಲೆ ಆಣೆಯಿಟ್ಟು ಧರ್ಮ ಕಾಯಲು ಹೊರಟ ಯೋಧ. ನಿಯಮ ಪುಸ್ತಕ ತೆರೆದರೆ ಓರ್ಕ್ ಎಂಬ ಹೆಸರಿನ ಕೆಳಗೆ ‘ಈವಿಲ್’, ಅಂದರೆ ಕೇಡಿಗ, ಎಂದು ಅಚ್ಚಾಗಿದೆ. ಮೇಜಿನ ಆಚೆ ಕೂತ ಡಂಜನ್ ಮಾಸ್ಟರ್ ಎಲ್ಲರ ಮುಖ ನೋಡಿ ಕೇಳುತ್ತಾನೆ: ಈಗೇನು ಮಾಡುತ್ತೀರಿ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರ ನಡುವೆ ಇದು ‘ಓರ್ಕ್ ಮಕ್ಕಳ ಪ್ರಶ್ನೆ’ ಎಂದೇ ಹೆಸರಾಗಿದೆ. ತತ್ತ್ವಶಾಸ್ತ್ರದ ಮೇಷ್ಟರು ಯಾರೋ ಕೂತು ಹೆಣೆದ ಸಮಸ್ಯೆ ಇದಲ್ಲ, ಆಟದ ಸರಕಿನಿಂದಲೇ ಹುಟ್ಟಿದ್ದು. ಆಟವನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಎಂಬ ಸಾಹಸ ಪುಸ್ತಿಕೆ ಬರೆದಿದ್ದರು. 1980ರ ಆಸುಪಾಸಿನಲ್ಲಿ ಹೊಸಬರು ಕೊಳ್ಳುವ ಬೇಸಿಕ್ ಸೆಟ್ಟಿನ ಡಬ್ಬಿಯೊಳಗೇ ಅದೂ ಇರುತ್ತಿತ್ತು. ಹಾಗಾಗಿ ಆ ಕಾಲದ ಲೆಕ್ಕವಿಲ್ಲದಷ್ಟು ಹುಡುಗರು ಆಡಿದ ಮೊದಲ ಸಾಹಸ ಅದೇ. ಗಡಿಯಲ್ಲೊಂದು ಕೋಟೆ, ಕೋಟೆಯಾಚೆ ‘ಕೇವ್ಸ್ ಆಫ್ ಕೇಯಾಸ್’ ಎಂಬ ಗುಹೆಗಳ ಸಾಲು. ಆ ಗುಹೆಗಳಲ್ಲಿ ಎಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು, ಎಷ್ಟು ಮರಿ ಎಂದು ಗೈಗ್ಯಾಕ್ಸ್ ಜನಗಣತಿಯವರ ಹಾಗೆ ಬರೆದಿಟ್ಟರು. ಅವರನ್ನು ಏನು ಮಾಡಬೇಕು ಎಂಬುದನ್ನು ಮಾತ್ರ ಬರೆಯಲಿಲ್ಲ.

ಆಟದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ: ಕಳ್ಳ, ಮಾಂತ್ರಿಕ, ಯೋಧ, ಪೂಜಾರಿ. ಡಂಜನ್ ಮಾಸ್ಟರ್ ಲೋಕವನ್ನು ವರ್ಣಿಸುತ್ತಾನೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ, ಏನು ಹೇಳುತ್ತದೆ ಎಂದು ಬಾಯಲ್ಲೇ ಹೇಳುತ್ತಾರೆ. ಹೊಡೆದ ಏಟು ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಸೋಲು ಗೆಲುವಿನ ಕೊನೆಯಿಲ್ಲ, ಕಥೆ ತಿಂಗಳುಗಟ್ಟಲೆ ನಡೆಯಬಹುದು. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ ಈಗ ಇದನ್ನಾಡುವ ಗುಂಪುಗಳಿವೆ. ‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ನೋಡಿದವರಿಗೆ ನೆಲಮಾಳಿಗೆಯಲ್ಲಿ ದಾಳ ಉರುಳಿಸುತ್ತಿದ್ದ ಹುಡುಗರು ನೆನಪಿರಬಹುದು.

ಪ್ರತಿ ಪಾತ್ರಕ್ಕೂ ಒಂದು ಹಾಳೆ, ಅದರಲ್ಲಿ ಬಲ, ಬುದ್ಧಿ, ಚುರುಕು ಎಂದೆಲ್ಲ ಅಂಕಗಳು. ಅವುಗಳ ಜೊತೆ ಇನ್ನೊಂದು ಖಾನೆ, ಅಲೈನ್‌ಮೆಂಟ್. ಮೂರು ಅಡ್ಡ, ಮೂರು ಉದ್ದ, ಒಟ್ಟು ಒಂಬತ್ತು ಮನೆ. ಒಂದು ದಿಕ್ಕಿನಲ್ಲಿ ಕಟ್ಟುಪಾಡಿಗೆ ಬದ್ಧನಾದ ಲಾಫುಲ್, ನಡುವಿನ ನ್ಯೂಟ್ರಲ್, ಯಾರ ಮಾತಿಗೂ ಜಗ್ಗದ ಕೇಯಾಟಿಕ್. ಇನ್ನೊಂದು ದಿಕ್ಕಿನಲ್ಲಿ ಗುಡ್, ನ್ಯೂಟ್ರಲ್, ಈವಿಲ್. ಕಾನೂನು ಮೀರಿ ಬಡವರ ಪರ ನಿಲ್ಲುವ ರಾಬಿನ್ ಹುಡ್ ಕೇಯಾಟಿಕ್ ಗುಡ್. ಕಾನೂನನ್ನೇ ಕುಣಿಕೆ ಮಾಡಿಕೊಂಡ ಕ್ರೂರ ದೊರೆ ಲಾಫುಲ್ ಈವಿಲ್. ಇಂದು ಈ ಚೌಕಟ್ಟು ಆಟದ ಮೇಜನ್ನು ಬಿಟ್ಟು ಹೊರಬಿದ್ದಿದೆ. ಸಿನಿಮಾ ಪಾತ್ರ, ರಾಜಕಾರಣಿ, ಆಫೀಸಿನ ಸಹೋದ್ಯೋಗಿ, ಕೊನೆಗೆ ಇಡ್ಲಿ ತಿನ್ನುವ ವಿಧಾನಗಳನ್ನೂ ಒಂಬತ್ತು ಮನೆಗೆ ಹಂಚಿ ನಗುವ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ.

ಇಷ್ಟೊಂದು ತೂಕದ ನೀತಿಶಾಸ್ತ್ರ ಆಟದೊಳಗೆ ಬಂದದ್ದು ಹೇಗೆ? ನೀತಿಯ ಚಿಂತೆಯಿಂದಂತೂ ಅಲ್ಲ. 1971ರಲ್ಲಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದರು. ಪುಟ್ಟ ಸೀಸದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ಆಟ ಅದು. ಕೊನೆಯಲ್ಲಿ ಮಾಂತ್ರಿಕರು, ಡ್ರ್ಯಾಗನ್‌ಗಳಿಗಾಗಿ ಒಂದು ಅನುಬಂಧ. ಯಾವ ಬೊಂಬೆ ಯಾವ ಪಾಳೆಯಕ್ಕೆ ಎಂದು ಹಂಚಬೇಕಿತ್ತಲ್ಲ, ಅದಕ್ಕೆ ಲಾ ಮತ್ತು ಕೇಯಾಸ್ ಎಂಬ ಎರಡು ಬಣಗಳು, ನಡುವೆ ತಟಸ್ಥರ ಪಟ್ಟಿ ಬಂದವು. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸಾವಿರ ಪ್ರತಿಗಳಲ್ಲಿ ಹೊರಬಂದಾಗ ಅದೇ ಪಟ್ಟಿ ಮೂರು ಅಂಕಣಗಳಾಗಿ ಮುಂದುವರಿಯಿತು: ಲಾ, ನ್ಯೂಟ್ರಾಲಿಟಿ, ಕೇಯಾಸ್. ಮನುಷ್ಯರು ಮೂರರಲ್ಲೂ ಇದ್ದರು. ಗಮನಿಸಿ, ಓರ್ಕ್‌ಗಳು ಕೇಯಾಸ್‌ನಲ್ಲಿ ಮಾತ್ರವಲ್ಲ, ನ್ಯೂಟ್ರಾಲಿಟಿಯ ಅಂಕಣದಲ್ಲೂ ಇದ್ದರು.

ಹೆಸರುಗಳು ಬಂದದ್ದು ಕಾದಂಬರಿಗಳಿಂದ. ಪೌಲ್ ಆಂಡರ್ಸನ್‌ರ ‘ತ್ರೀ ಹಾರ್ಟ್ಸ್ ಅಂಡ್ ತ್ರೀ ಲಯನ್ಸ್’ನಲ್ಲಿ ಎರಡನೇ ಮಹಾಯುದ್ಧದ ನಡುವೆ ಒಬ್ಬ ಡ್ಯಾನಿಷ್ ಎಂಜಿನಿಯರ್ ಇನ್ನೊಂದು ಲೋಕಕ್ಕೆ ಬಿದ್ದು ಲಾ ಮತ್ತು ಕೇಯಾಸ್‌ಗಳ ಕಾದಾಟದಲ್ಲಿ ಸಿಕ್ಕಿಕೊಳ್ಳುತ್ತಾನೆ. ಆಟದ ಪ್ಯಾಲಡಿನ್‌ಗೂ ಪ್ರೇರಣೆ ಆ ಪುಸ್ತಕವೇ. ಮೈಕೇಲ್ ಮೂರ್‌ಕಾಕ್‌ರ ಎಲ್ರಿಕ್ ಕಥೆಗಳು ಇದನ್ನು ಇನ್ನಷ್ಟು ಜಟಿಲ ಮಾಡಿದವು. ಅಲ್ಲಿ ಲಾ ಗೆದ್ದರೂ ಕೇಡೇ, ಲೋಕ ಜಡವಾಗುತ್ತದೆ. ಇಬ್ಬರು ಲೇಖಕರಲ್ಲಿ ಯಾರಿಗೂ ಇದು ಒಬ್ಬ ವ್ಯಕ್ತಿಯ ಗುಣಸ್ವಭಾವ ಅಳೆಯುವ ಪಟ್ಟಿಯಾಗಿರಲಿಲ್ಲ. ಆದರೆ ಆಟಗಾರರು ಲಾ ಎಂದರೆ ಒಳ್ಳೆಯವರು, ಕೇಯಾಸ್ ಎಂದರೆ ಕೆಟ್ಟವರು ಎಂದು ಓದಿಕೊಂಡರು. ಗೊಂದಲ ಬಿಡಿಸಲು ಗೈಗ್ಯಾಕ್ಸ್ 1976ರ ಫೆಬ್ರವರಿಯಲ್ಲಿ ‘ದ ಸ್ಟ್ರಾಟೆಜಿಕ್ ರಿವ್ಯೂ’ ಪತ್ರಿಕೆಯಲ್ಲಿ ಲೇಖನ ಬರೆದು ಒಳಿತು ಕೆಡುಕಿನ ಎರಡನೇ ಗೆರೆಯನ್ನೆಳೆದರು. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಹೊತ್ತಿಗೆ ಒಂಬತ್ತು ಮನೆಗಳೂ ತುಂಬಿದ್ದವು. ಸೈನ್ಯ ಹಂಚುವ ಪಟ್ಟಿ ಏಳು ವರ್ಷದಲ್ಲಿ ಧರ್ಮಶಾಸ್ತ್ರವಾಗಿ ಬಡ್ತಿ ಪಡೆಯಿತು.

ಬಡ್ತಿಯ ಹಿಂದೆಯೇ ದಂಡಸಂಹಿತೆಯೂ ಬಂತು. 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ ಪ್ರಕಾರ ಆಟಗಾರನೊಬ್ಬ ತನ್ನ ಮನೆ ಬಿಟ್ಟು ಬೇರೆ ಮನೆಗೆ ಜಾರಿದರೆ ಗಳಿಸಿದ ಅನುಭವದಲ್ಲಿ ಒಂದು ಹಂತ ಕಳೆದುಕೊಳ್ಳಬೇಕು. ಒಂದೊಂದು ಅಲೈನ್‌ಮೆಂಟಿಗೂ ಒಂದೊಂದು ಗುಪ್ತ ಭಾಷೆ ಬೇರೆ. ಲಾಫುಲ್ ಗುಡ್ ಜನರೆಲ್ಲ, ಯಾವ ದೇಶದವರಾದರೂ, ತಮ್ಮದೇ ಒಂದು ಭಾಷೆಯಲ್ಲಿ ಮಾತಾಡಿಕೊಳ್ಳಬಲ್ಲರಂತೆ! ಮನೆ ಬದಲಿಸಿದರೆ ಹಳೆಯ ಭಾಷೆ ಮರೆತೇ ಹೋಗುತ್ತದೆ. ಇದನ್ನು ಗಂಭೀರವಾಗಿ ಆಡಿದ ಮೇಜುಗಳು ಎಷ್ಟಿದ್ದವೋ ನನಗೆ ಅನುಮಾನ.

ನಿಜವಾದ ಪೇಚು ಪ್ಯಾಲಡಿನ್‌ನದು. ಅವನು ಲಾಫುಲ್ ಗುಡ್ ಆಗಿಯೇ ಇರಬೇಕು. ತಿಳಿದೂ ತಿಳಿದೂ ಒಂದು ದುಷ್ಕೃತ್ಯ ಮಾಡಿದರೆ ಪದವಿ ಹೋಯಿತು, ಮತ್ತೆಂದೂ ಬಾರದು. ಇದರಿಂದ ಎರಡು ರೋಗ ಹುಟ್ಟಿದವು. ಮೊದಲನೆಯದು ಡಂಜನ್ ಮಾಸ್ಟರ್‌ಗೆ ಅಂಟಿದ್ದು: ಏನು ಮಾಡಿದರೂ ತಪ್ಪಾಗುವ ಸನ್ನಿವೇಶ ಹೆಣೆದು ಪ್ಯಾಲಡಿನ್‌ನನ್ನು ಬೀಳಿಸುವ ಚಟ. ಓರ್ಕ್ ಮಕ್ಕಳು ಇದಕ್ಕೆ ಸುಲಭದ ಬಲೆ. ಕೊಂದರೆ ಶಿಶುಹತ್ಯೆ, ಬಿಟ್ಟರೆ ನಾಳೆ ಊರು ಸುಡುವವರನ್ನು ಬಿಟ್ಟ ಪಾಪ. ಎರಡನೆಯ ರೋಗ ಆಟಗಾರರದು. ಗೆಳೆಯರ ಚೀಲಕ್ಕೆ ಕೈಹಾಕುವ ಕಳ್ಳ, ಸಂಧಾನದ ನಡುವೆ ಕತ್ತಿ ಹಿರಿಯುವ ಯೋಧ, ಇವರೆಲ್ಲರ ಉತ್ತರ ಒಂದೇ: ನಾನೇನು ಮಾಡಲಿ, ನನ್ನ ಪಾತ್ರ ಇರುವುದೇ ಹಾಗೆ, ಹಾಳೆಯಲ್ಲಿ ಕೇಯಾಟಿಕ್ ನ್ಯೂಟ್ರಲ್ ಅಂತ ಬರೆದಿದೆಯಲ್ಲ. ನಡತೆಗೆ ಕಡಿವಾಣವಾಗಲೆಂದು ಮಾಡಿದ ಖಾನೆ ದುರ್ನಡತೆಗೆ ಪರವಾನಗಿಯಾಯಿತು. 1989ರ ಎರಡನೇ ಆವೃತ್ತಿಯಂತೂ ಕೇಯಾಟಿಕ್ ನ್ಯೂಟ್ರಲ್ ಎಂದರೆ ಹುಚ್ಚರ ಮನೆ ಎಂಬಂತೆ ಬರೆಯಿತು.

ಅದೇ ಪುಸ್ತಕದ ‘ಟ್ರೂ ನ್ಯೂಟ್ರಲ್’ ಇನ್ನೂ ಮೋಜಿನದು. ಸಮತೋಲವೇ ಇವನ ಧರ್ಮ. ಕೊಟ್ಟಿರುವ ಉದಾಹರಣೆ ನೋಡಿ: ನಾಲ್ ಎಂಬ ಕ್ರೂರ ಜೀವಿಗಳನ್ನು ಅಡಗಿಸಲು ಒಬ್ಬ ಡ್ರೂಯಿಡ್, ಅಂದರೆ ಪ್ರಕೃತಿಯ ಪೂಜಾರಿ, ಸ್ಥಳೀಯ ಪಾಳೆಯಗಾರನ ಸೈನ್ಯ ಸೇರುತ್ತಾನೆ. ಆ ನಾಲ್‌ಗಳು ಇನ್ನೇನು ನಿರ್ನಾಮವಾಗುತ್ತಾರೆ ಎನ್ನುವಾಗ ಕೈಬಿಡುತ್ತಾನೆ, ಇಲ್ಲವೇ ಅವರ ಕಡೆಗೇ ಸೇರಿಬಿಡುತ್ತಾನೆ. ಇಂಥವನ ಜೊತೆ ಯಾರು ಯುದ್ಧಕ್ಕೆ ಹೋಗುತ್ತಾರೆ? ಪಲ್ಲೇಡಿಯಂ ಎಂಬ ಪ್ರತಿಸ್ಪರ್ಧಿ ಕಂಪನಿಯ ಕೆವಿನ್ ಸಿಂಬೀಡಾ ತಮ್ಮ ಆಟದಲ್ಲಿ ತಟಸ್ಥರ ಮನೆಯನ್ನೇ ತೆಗೆದುಹಾಕಿ, ಒಳ್ಳೆಯವರು ಮತ್ತು ಕೆಟ್ಟವರ ನಡುವೆ ಸ್ವಾರ್ಥಿಗಳನ್ನು ಕೂರಿಸಿದರು. ಮನುಷ್ಯರನ್ನು ಕಂಡವರ ಕೆಲಸ ಅದು.

ಇಷ್ಟೆಲ್ಲ ನಕ್ಕು ಬಿಡಬಹುದಾದದ್ದು. ಒಂದು ವಿಷಯ ಹಾಗಲ್ಲ. 2005ರಲ್ಲಿ, ಆಟ ಹುಟ್ಟಿ ಮೂವತ್ತು ವರ್ಷ ಕಳೆದಿದ್ದಾಗ, ಅಭಿಮಾನಿಗಳ ಪ್ರಶ್ನೆಗೆ ಗೈಗ್ಯಾಕ್ಸ್ ಉತ್ತರಿಸುತ್ತಿದ್ದರು. ಪ್ಯಾಲಡಿನ್ ಸೆರೆಸಿಕ್ಕವರನ್ನು, ನಿರಾಯುಧರನ್ನು ಕೊಲ್ಲಬಹುದೇ ಎಂಬ ಹಳೇ ಪ್ರಶ್ನೆ. ಕೊಂದರೆ ಲಾಫುಲ್ ಗುಡ್‌ಗೆ ಕುಂದಿಲ್ಲ ಎಂಬ ಧಾಟಿಯಲ್ಲಿ ಮಾತಾಡುತ್ತ ಅವರು ಒಂದು ನಾಣ್ಣುಡಿ ಎತ್ತಿಕೊಂಡರು: ಇಂದಿನ ಸೀರೇ ನಾಳಿನ ಹೇನು. ಅದು ಕರ್ನಲ್ ಚಿವಿಂಗ್ಟನ್‌ನ ಮಾತು ಎಂಬುದೂ ಅವರಿಗೆ ಗೊತ್ತಿತ್ತು. ಆ ಮಾತನ್ನು ಅವನೇ ಮೊದಲು ಆಡಿದ್ದಲ್ಲ, ಅದು ಕಣ್ಣಿಗೆ ಕಾಣುವ ಸತ್ಯ ಎಂದು ಸಮರ್ಥಿಸಿಕೊಂಡರು.

ಯಾರು ಈ ಚಿವಿಂಗ್ಟನ್? ಜಾನ್ ಚಿವಿಂಗ್ಟನ್ ಮೆಥಡಿಸ್ಟ್ ಪಾದ್ರಿಯಾಗಿದ್ದವನು, ಗುಲಾಮಗಿರಿಯ ವಿರೋಧಿ, ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರು ಮಾಡಿದ ಸೇನಾಧಿಕಾರಿ. 1864ರ ನವೆಂಬರ್ 29ರ ಬೆಳಗ್ಗೆ ಕೊಲರಾಡೊದ ಸ್ಯಾಂಡ್ ಕ್ರೀಕ್ ಹೊಳೆಯ ದಂಡೆಯಲ್ಲಿ ಬಿಡಾರ ಹೂಡಿದ್ದ ಶೈಯಾನ್ ಮತ್ತು ಅರಾಪಾಹೊ ಎಂಬ ಮೂಲನಿವಾಸಿ ಜನರ ಮೇಲೆ ಸುಮಾರು 675 ಸೈನಿಕರೊಂದಿಗೆ ಎರಗಿದ. ಮುಖಂಡ ಬ್ಲ್ಯಾಕ್ ಕೆಟಲ್ ತನ್ನ ಗುಡಾರದ ಮೇಲೆ ಅಮೆರಿಕದ ಧ್ವಜವನ್ನೂ ಬಿಳಿಯ ಬಾವುಟವನ್ನೂ ಏರಿಸಿದ್ದ. ಶಾಂತಿ ಕೇಳಿ ಬಂದ ಜನ ಅವರು. ಸತ್ತವರು ಸುಮಾರು 230, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಮಕ್ಕಳನ್ನೂ ಬಿಡಬೇಡಿ ಎನ್ನುವುದಕ್ಕೆ ಆತ ಕೊಟ್ಟ ಕಾರಣವೆಂದು ಚರಿತ್ರೆ ನೆನಪಿಟ್ಟಿರುವುದು ಆ ಸೀರು ಹೇನಿನ ಮಾತನ್ನೇ.

ಅಂದು ಅದೇ ಪಡೆಯಲ್ಲಿ ಕ್ಯಾಪ್ಟನ್ ಸೈಲಸ್ ಸೋಲ್ ಎಂಬ ತರುಣನಿದ್ದ. ಗುಂಡು ಹಾರಿಸಿ ಎಂದು ತನ್ನ ತುಕಡಿಗೆ ಆಜ್ಞೆ ಕೊಡಲು ಅವನು ನಿರಾಕರಿಸಿದ. ಮುಂದಿನ ವರ್ಷ ವಿಚಾರಣೆಯಲ್ಲಿ ಚಿವಿಂಗ್ಟನ್ ವಿರುದ್ಧ ಸಾಕ್ಷಿ ನುಡಿದ. 1865ರ ಏಪ್ರಿಲ್‌ನಲ್ಲಿ ಡೆನ್ವರ್ ನಗರದ ಬೀದಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಚಿವಿಂಗ್ಟನ್‌ಗೆ ಶಿಕ್ಷೆಯಾಗಲಿಲ್ಲ.

ಈಗ ಒಂಬತ್ತು ಮನೆಯ ಹಾಳೆ ತೆಗೆಯಿರಿ. ಶಿಸ್ತಿನ ಅಧಿಕಾರಿ, ದೈವಭಕ್ತ, ಗುಲಾಮಗಿರಿಯ ಶತ್ರು: ಸ್ಯಾಂಡ್ ಕ್ರೀಕ್‌ನ ಹಿಂದಿನ ದಿನ ಚಿವಿಂಗ್ಟನ್ ತನ್ನ ಹಾಳೆಯಲ್ಲಿ ಏನು ಬರೆದುಕೊಳ್ಳುತ್ತಿದ್ದ? ಲಾಫುಲ್ ಗುಡ್ ಎಂದೇ ಅಲ್ಲವೇ? ಆಜ್ಞೆ ಮುರಿದ ಸೋಲ್ ಕೇಯಾಟಿಕ್ ಮನೆಗೆ ಬೀಳುತ್ತಿದ್ದ. ಗೈಗ್ಯಾಕ್ಸ್ ಕೆಟ್ಟ ಮನುಷ್ಯ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ, ಲಕ್ಷಾಂತರ ಜನರ ಕಲ್ಪನೆಗೆ ಬಾಗಿಲು ತೆರೆದವರು ಅವರು. ಆದರೆ ಒಂದು ಜೀವಿಯ ಹುಟ್ಟಿನ ಪಕ್ಕದಲ್ಲೇ ‘ಈವಿಲ್’ ಎಂದು ಅಚ್ಚುಹಾಕಿದ ಮೇಲೆ ಬುದ್ಧಿವಂತನೂ ಎಲ್ಲಿಗೆ ಹೋಗಿ ನಿಲ್ಲುತ್ತಾನೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ನಡತೆಗೆ ಹೆಸರಿಡುವುದರಲ್ಲಿ ನನಗೆ ತಕರಾರಿಲ್ಲ. ಹುಟ್ಟಿಗೆ ಹೆಸರಿಟ್ಟದ್ದೇ ಈ ಪದ್ಧತಿಯ ಕೊಳೆತ ಭಾಗ. ಅದೂ ಎಂಥ ಬೇಜವಾಬ್ದಾರಿಯ ಹೆಸರು! 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ಓರ್ಕ್ ಲಾಫುಲ್ ಈವಿಲ್. 2000ದ ಮೂರನೇ ಆವೃತ್ತಿಗೆ ಬಂದರೆ ಕೇಯಾಟಿಕ್ ಈವಿಲ್. ಓರ್ಕ್‌ಗಳೇನೂ ಬದಲಾಗಿರಲಿಲ್ಲ, ಸಂಪಾದಕರು ಬದಲಾಗಿದ್ದರು.

ಓರ್ಕ್‌ಗಳನ್ನು ಮೊದಲು ಕಲ್ಪಿಸಿದ ಕಾದಂಬರಿಕಾರ ಟೋಲ್ಕಿನ್‌ಗೇ ಇದು ಬಗೆಹರಿಯದ ಮುಳ್ಳಾಗಿತ್ತು. ಅವರು ನಿಷ್ಠಾವಂತ ಕ್ಯಾಥೊಲಿಕ್. ಕೇಡಿಗೆ ಸೃಷ್ಟಿಸುವ ಶಕ್ತಿಯಿಲ್ಲ, ಇದ್ದದ್ದನ್ನು ಕೆಡಿಸಬಲ್ಲದು ಅಷ್ಟೇ ಎಂಬುದು ಅವರ ನಂಬಿಕೆ. ಹಾಗಿದ್ದರೆ ಓರ್ಕ್‌ಗಳು ಎಲ್ಲಿಂದ ಬಂದರು, ಅವರಿಗೆ ವಿಮೋಚನೆ ಇಲ್ಲವೇ ಎಂದು ಕೊನೆಯವರೆಗೂ ಪತ್ರಗಳಲ್ಲಿ, ಟಿಪ್ಪಣಿಗಳಲ್ಲಿ ತಡಕಾಡಿದರು. ಆಟ ಅವರಿಂದ ಓರ್ಕ್‌ಗಳನ್ನು ಎರವಲು ತಂದಿತು, ತಡಕಾಟವನ್ನು ಅಲ್ಲೇ ಬಿಟ್ಟು ಬಂತು.

ನಮ್ಮಿಂದಲೂ ಎರವಲು ಹೋಗಿದೆ. ಅದೇ 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ರಾಕ್ಷಸನಿದ್ದಾನೆ. ಹುಲಿಯ ತಲೆ, ನಿಲುವಂಗಿ, ಬಾಯಲ್ಲಿ ಪೈಪು, ಠೀವಿಯಿಂದ ಕೂತ ಚಿತ್ರ. ಅಡ್ಡಬಿಲ್ಲಿನಿಂದ ಹಾರಿಸಿದ ಮಂತ್ರಿಸಿದ ಬಾಣ ತಗುಲಿದರೆ ಸಾವು. ಗೈಗ್ಯಾಕ್ಸ್‌ಗೆ ಇವನು ಸಿಕ್ಕಿದ್ದು ರಾಮಾಯಣದಲ್ಲಲ್ಲ, ‘ಕೋಲ್ಚಾಕ್: ದ ನೈಟ್ ಸ್ಟಾಕರ್’ ಎಂಬ ಅಮೆರಿಕನ್ ಟಿವಿ ಸರಣಿಯ 1974ರ ಒಂದು ಕಂತಿನಲ್ಲಿ. ಅಲೈನ್‌ಮೆಂಟ್ ಲಾಫುಲ್ ಈವಿಲ್, ಜಾತಿಗೆಲ್ಲ ಒಂದೇ. 1980ರಲ್ಲಿ ಬಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಪುಸ್ತಕ ಇಂದ್ರ, ಅಗ್ನಿ, ವಿಷ್ಣು ಎಲ್ಲರಿಗೂ ಹಿಟ್ ಪಾಯಿಂಟ್ ಜೊತೆಗೆ ಒಂದೊಂದು ಮನೆ ಹಂಚಿತು. ಬಲಿಪಾಡ್ಯಮಿಯ ದಿನ ಅಸುರ ದೊರೆಗೆ ದೀಪ ಹಚ್ಚುವ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ವಿಭೀಷಣ ರಾಕ್ಷಸ ಕುಲದಲ್ಲೇ ಹುಟ್ಟಿದವನು, ಪ್ರಹ್ಲಾದ ಹಿರಣ್ಯಕಶಿಪುವಿನ ಮಗ. ಕರ್ಣನನ್ನಂತೂ ಯಾವ ಮನೆಯಲ್ಲಿಟ್ಟರೂ ಮೇಜಿನ ಸುತ್ತ ಜಗಳ ಖಂಡಿತ. ಹಾಗೆಂದು ನಾವೇನೂ ಬೀಗಬೇಕಿಲ್ಲ, ಹುಟ್ಟಿನ ಪಕ್ಕ ಷರಾ ಬರೆದ ಹಾಳೆಗಳು ನಮ್ಮಲ್ಲಿ ಸಾವಿರಾರು ವರ್ಷ ಚಲಾವಣೆಯಲ್ಲಿದ್ದವು.

ಆದರೆ ಜಗಳ ಎಂದೆನಲ್ಲ, ಈ ಪದ್ಧತಿಯ ನಿಜವಾದ ಸಾಧನೆ ಅದೇ ಎಂಬುದು ನನ್ನ ಎಣಿಕೆ. ತಾಳಮದ್ದಳೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ವಾದಿಸುವುದು. ‘ವಾಲಿವಧೆ’ ಪ್ರಸಂಗದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿಯ ಅರ್ಥಧಾರಿ ಕೇಳುವಾಗ ಸಭೆ ಕಿವಿ ನಿಮಿರಿಸುತ್ತದೆ. ರಾಮ ದೇವರು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಉತ್ತರವನ್ನು ರಾಮನ ಅರ್ಥಧಾರಿ ಅಂದು ಅಲ್ಲಿ ದುಡಿದೇ ಗಳಿಸಬೇಕು. ಓರ್ಕ್ ಮಕ್ಕಳ ಮುಂದೆ ನಿಂತ ಪ್ಯಾಲಡಿನ್‌ಗೂ ಸಿಕ್ಕುವ ಅವಕಾಶ ಇದೇ. ಹಾಳೆಯಲ್ಲಿ ಬರೆದಿದೆ ಎಂದು ಹೇಳಿ ಮುಗಿಸಿದರೆ ಆಟ ಅಲ್ಲಿಗೆ ಸತ್ತಿತು.

ಇದನ್ನು ಅರಿತವರು ಬೇರೆ ಹಾದಿ ಹುಡುಕಿದರು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಗ್ರೆಗ್ ಸ್ಟಾಫರ್ಡ್‌ರ 1985ರ ‘ಪೆಂಡ್ರ್ಯಾಗನ್’. ಆರ್ಥರ್ ದೊರೆಯ ಸಾಮಂತ ವೀರರ ಆಟ. ಇಲ್ಲಿ ಒಬ್ಬನಿಗೆ ಒಂದೇ ಬಿರುದು ಕೊಡುವುದಿಲ್ಲ. ದಯೆ ಮತ್ತು ಕ್ರೌರ್ಯ, ಔದಾರ್ಯ ಮತ್ತು ಸ್ವಾರ್ಥ, ವಿನಯ ಮತ್ತು ಗರ್ವ ಎಂದು ಹದಿಮೂರು ಜೋಡಿ. ಒಂದೊಂದು ಜೋಡಿಯ ಮೊತ್ತ ಇಪ್ಪತ್ತು. ದಯೆ ಹದಿನಾಲ್ಕಾದರೆ ಕ್ರೌರ್ಯ ಆರು ಉಳಿಯಿತು. ಮಾಡಿದ ಕೆಲಸಕ್ಕೆ ತಕ್ಕಂತೆ ಅಂಕ ಅತ್ತಿತ್ತ ಸರಿಯುತ್ತದೆ. ಒತ್ತಡದ ಗಳಿಗೆಯಲ್ಲಿ ದಾಳ ಉರುಳಿಸಿದಾಗ ಆ ಆರು ಎದ್ದುಬರಬಹುದು. ಹದಿನಾಲ್ಕು ದಯೆಯ ವೀರನೂ ಒಂದು ದಿನ ಕ್ರೂರನಾಗಬಹುದು ಎಂಬ ತಿಳಿವಳಿಕೆ ಒಂಬತ್ತು ಮನೆಯ ಯಾವ ಮೂಲೆಯಲ್ಲೂ ಇರಲಿಲ್ಲ. 1991ರ ‘ವ್ಯಾಂಪೈರ್: ದ ಮಾಸ್ಕರೇಡ್’ ರಕ್ತ ಹೀರುವವನೊಳಗೆ ಎಷ್ಟು ಮನುಷ್ಯತ್ವ ಉಳಿದಿದೆ ಎಂದು ಅಳೆಯಿತು. 2004ರ ‘ಡಾಗ್ಸ್ ಇನ್ ದ ವಿನ್‌ಯಾರ್ಡ್’ನಲ್ಲಿ ಆಟಗಾರರು ಊರೂರು ತಿರುಗಿ ಪಾಪದ ತೀರ್ಪು ಕೊಡುವ ದೈವದೂತರು. ತೀರ್ಪು ಸರಿಯೇ ತಪ್ಪೇ ಎಂದು ಹೇಳುವ ಹಕ್ಕು ಅಲ್ಲಿ ಆಟ ನಡೆಸುವವನಿಗೂ ಇಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕೂಡ ಕುಂಟುತ್ತ ಬದಲಾಯಿತು. 1988ರಲ್ಲಿ ಆರ್. ಎ. ಸಾಲ್ವಟೋರ್ ‘ದ ಕ್ರಿಸ್ಟಲ್ ಶಾರ್ಡ್’ ಕಾದಂಬರಿಯಲ್ಲಿ ಡ್ರಿಸ್ಟ್ ಎಂಬವನನ್ನು ತಂದರು. ಕೇಡಿಗರೆಂದು ಷರಾ ಬರೆಸಿಕೊಂಡ ಡ್ರೌ ಕುಲದಲ್ಲಿ ಹುಟ್ಟಿ ಆ ಕುಲವನ್ನು ಧಿಕ್ಕರಿಸಿ ಬಂದವನು. ಓದುಗರು ಅವನನ್ನು ಎಷ್ಟು ಮೆಚ್ಚಿದರೆಂದರೆ ಆಟದ ಅತಿ ಪ್ರಸಿದ್ಧ ನಾಯಕನೇ ಅವನಾದ. 2008ರ ನಾಲ್ಕನೇ ಆವೃತ್ತಿ ಒಂಬತ್ತನ್ನು ಐದಕ್ಕಿಳಿಸಿತು. 2014ರ ಐದನೆಯದು ಒಂಬತ್ತನ್ನು ಮರಳಿ ತಂದರೂ ಹಲ್ಲು ಕಿತ್ತಿತು. ಪ್ಯಾಲಡಿನ್ ಯಾವ ಮನೆಯವನಾದರೂ ಆಗಬಹುದು, ತಾನು ತೊಟ್ಟ ಪ್ರತಿಜ್ಞೆಗೆ ಬದ್ಧನಾಗಿದ್ದರಾಯಿತು. ಕೇಡು ಪತ್ತೆ ಹಚ್ಚುವ ಮಂತ್ರಕ್ಕೂ ಈಗ ಪಿಶಾಚಿ, ದೆವ್ವದಂಥ ಅಲೌಕಿಕ ಜೀವಿಗಳಷ್ಟೇ ಕಾಣುತ್ತವೆ, ಪಕ್ಕದ ಮನೆಯ ಕೆಟ್ಟ ಮನುಷ್ಯ ಕಾಣುವುದಿಲ್ಲ. ಅದನ್ನು ಆಟಗಾರರೇ ಮಾತಾಡಿಸಿ ಕಂಡುಕೊಳ್ಳಬೇಕು. 2020ರ ಜೂನ್‌ನಲ್ಲಿ, ಅಮೆರಿಕದ ಬೀದಿಗಳಲ್ಲಿ ವರ್ಣಭೇದದ ವಿರುದ್ಧ ಜನ ನಿಂತಿದ್ದ ಹೊತ್ತಿನಲ್ಲಿ, ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ಹೇಳಿಕೆ ಕೊಟ್ಟರು: ಓರ್ಕ್, ಡ್ರೌಗಳನ್ನು ಚಿತ್ರಿಸಿದ ರೀತಿ ನಿಜಲೋಕದ ಜನಾಂಗಗಳನ್ನು ಹೀಗಳೆದ ರೀತಿಯನ್ನೇ ನೆನಪಿಸುತ್ತದೆ, ಇನ್ನು ಹಾಗಿರದು ಎಂದು. ಇನ್ನೊಂದು ದೊಡ್ಡ ಆಟವಾದ ಪಾಥ್‌ಫೈಂಡರ್ 2023ರಲ್ಲಿ ಅಲೈನ್‌ಮೆಂಟನ್ನೇ ಕೈಬಿಟ್ಟು, ನಿನ್ನ ಪಾತ್ರ ಮಾಡಲೇಬೇಕಾದದ್ದು ಏನು, ಮಾಡಲೇಬಾರದ್ದು ಏನು ಎಂದು ಬರೆದುಕೊಳ್ಳಲು ಹೇಳಿತು. 2024ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ ಓರ್ಕ್ ಆಟಗಾರರೇ ಆರಿಸಿಕೊಳ್ಳಬಹುದಾದ ಒಂದು ಕುಲ. 2025ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ಓರ್ಕ್‌ಗೆ ಪುಟವಿಲ್ಲ.

ಹಳಬರಲ್ಲಿ ಅನೇಕರಿಗೆ ಇದು ಸಿಟ್ಟು ತಂದಿದೆ. ಒಂದು ಸಂಜೆ ರಾಕ್ಷಸರನ್ನು ತರಿದು ಹಾಕಿ ಹಗುರಾಗಲು ಬಂದವನಿಗೆ ಪಾಪಪುಣ್ಯದ ಪಾಠ ಯಾಕೆ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿಲ್ಲವೆಂದಲ್ಲ. ಹಗುರವಾಗಿ ಆಡುವ ಸಂಜೆಗೆ ಎಲುಬುಗೂಡುಗಳಿವೆ, ಭೂತಗಳಿವೆ, ಊರು ಸುಟ್ಟ ಡಕಾಯಿತರಿದ್ದಾರೆ. ಅದಕ್ಕೆ ತೊಟ್ಟಿಲ ಕೂಸಿನ ಹಣೆಯ ಮೇಲೆ ‘ಈವಿಲ್’ ಎಂದು ಬರೆಯಬೇಕಾದ ಅಗತ್ಯವಿಲ್ಲ.

ಹೊಸದಾಗಿ ಆಡಲು ಕೂರುವವರಿಗೆ ನನ್ನ ಸಲಹೆ ಇಷ್ಟೇ. ಪಾತ್ರದ ಹಾಳೆಯಲ್ಲಿ ಅಲೈನ್‌ಮೆಂಟ್ ಖಾನೆ ಇದ್ದರೆ ಮೊದಲ ಕೆಲವು ಆಟ ಅದನ್ನು ಖಾಲಿ ಬಿಡಿ. ನಿಮ್ಮ ಪಾತ್ರ ಸೆರೆಯಾಳಿಗೆ ಏನು ಮಾಡಿತು, ಕೊಟ್ಟ ಮಾತಿಗೆ ಏನು ಮಾಡಿತು ಎಂದು ಎಲ್ಲರೂ ನೋಡಿದ ಮೇಲೆ ಆ ಖಾನೆಯನ್ನು ಪೆನ್ಸಿಲಿನಲ್ಲಿ ತುಂಬಿ. ತುಂಬುವ ಕೆಲಸವನ್ನು ನೀವು ಮಾಡಬೇಡಿ, ಪಕ್ಕದಲ್ಲಿ ಕೂತವರಿಗೆ ಕೊಡಿ.